ಒಂದು ಸಲಕ್ಕೆ ಒಂದೇ ಬಿಸಿ

ಶನಿವಾರ ಮಧ್ಯಾಹ್ನ ಒಂದೂವರೆಗೆ ಅರವತ್ತು ಬನ್ನಿನ ಹಿಟ್ಟು ಉಬ್ಬಿ ಸಿದ್ಧವಾಗಿತ್ತು, ಓವನ್ ಸಿದ್ಧವಾಗಿತ್ತು, ಬನ್ನಕ್ಕ ಸಿದ್ಧಳಾಗಿದ್ದಳು. ಅಡ್ಡ ನಿಂತದ್ದು ಅವಳ ಗಂಡನ ಕಾನೂನು ಒಂದೇ.

ಬನ್ನಕ್ಕ ಎಂಬುದು ಅವಳಿಗೆ ಹತ್ತು ದಿನಗಳ ಹಿಂದಷ್ಟೇ ಬಂದ ಹೆಸರು. ಅದಕ್ಕೆ ಮೊದಲು ಮೂವತ್ತಾರು ವರ್ಷ ಅವಳು ಮಾಸ್ಟರ ಹೆಂಡತಿಯಾಗಿದ್ದಳು. ಗಂಡ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರು. ಅವರಿಗೆ ವರ್ಗವಾದಂತೆಲ್ಲ ಅವಳೂ ಹನ್ನೊಂದು ಕ್ವಾರ್ಟರ್ಸುಗಳ ಹನ್ನೊಂದು ಅಡುಗೆಮನೆಗಳಲ್ಲಿ ಹಿಂದಿನವರ ಮಸಿ ಉಜ್ಜಿ, ಮುಂದಿನವರಿಗೆ ತನ್ನ ಮಸಿ ಬಿಟ್ಟು ಬಂದಿದ್ದಳು. ನಿವೃತ್ತಿಯ ನಂತರ ಕೊಂಡ ಈ ಹಳೆಯ ಮನೆಯ ಅಡುಗೆಮನೆಯೇ ತನ್ನದೆಂದು ಹೇಳಿಕೊಳ್ಳಬಹುದಾದ ಮೊದಲನೆಯದು. ಮುಂದಿನ ಎರಡು ಕೋಣೆಗಳಿಗೆ ಪೇಯಿಂಗ್ ಗೆಸ್ಟುಗಳನ್ನು ಇಟ್ಟುಕೊಳ್ಳೋಣ ಎಂದವಳೂ ಅವಳೇ, ಆ ಬಾಡಿಗೆಯಲ್ಲಿ ಓವನ್ ತಂದವಳೂ ಅವಳೇ. ಒಂದು ದಿನ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯವನಿಗೆ ರುಚಿ ನೋಡಲು ಆರು ಬನ್ನು ಕೊಟ್ಟಳು. ಅವನು ಒಂದನ್ನು ಮುರಿದು, ಮೂಸಿ, ಟೀಯಲ್ಲಿ ಅದ್ದಿ ತಿಂದು, ಎರಡನೆಯದಕ್ಕೆ ಕೈ ಹಾಕಿದ.

"ಬನ್ನಕ್ಕಾ, ಮುಂದಿನ ಶನಿವಾರ ಸಂಜೆ ನಾಲ್ಕಕ್ಕೆ ಅರವತ್ತು ತನ್ನಿ" ಎಂದ. "ಕತ್ತಲಾಗೋದ್ರೊಳಗೆ ಖಾಲಿ ಆದ್ರೆ ದಿನಾ ತಗೋತೀನಿ. ನಾಲ್ಕು ಅಂದ್ರೆ ನಾಲ್ಕು. ಐದೂವರೆ ಬಸ್ಸಿನವರು ನಿಮ್ಮ ಬನ್ನಿಗೋಸ್ಕರ ಕಾಯಲ್ಲ."

ಅಂದಿನಿಂದ ಅವಳು ನಿದ್ದೆಯಲ್ಲೂ ಹಿಟ್ಟು ನಾದುತ್ತಿದ್ದಳು.

ಇನ್ನು ಕಾನೂನಿನ ವಿಚಾರ. ಮನೆಯ ವೈರುಗಳು ಮನೆಯಷ್ಟೇ ಹಳೆಯವು. ಗೆಸ್ಟುಗಳು ಬಂದ ಮೊದಲ ವಾರದಲ್ಲೇ ಮೇನ್ ಫ್ಯೂಸು ಮೂರು ಸಲ ಹೋಯಿತು. ನರ್ಸು ಬ್ರೆಡ್ಡು ಸುಡುವಾಗ ಹಲ್ಲಿನವನು ಕೆಟಲ್ ಹಾಕಿದ. ಹಲ್ಲಿನವನ ಕೆಟಲ್ ಕುದಿಯುವಾಗ ಬನ್ನಕ್ಕ ಓವನ್ ಹಾಕಿದಳು. ಮೂರನೆಯ ಸಲ ಮೂವರೂ ಒಟ್ಟಿಗೆ ಪುಣ್ಯ ಕಟ್ಟಿಕೊಂಡರು. ನರ್ಸು ಎಂದರೆ ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವ ಹುಡುಗಿ. ಹಲ್ಲಿನವನು ಎಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಳತೆ ತೆಗೆದು ಕಳಿಸಿದ ಬಾಯಿಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವವನು. ಆ ಭಾಗದ ಅರ್ಧ ಹಿರಿಯರು ನಗುವುದು ಅವನ ಕೈಚಳಕದಿಂದ. ಎಲೆಕ್ಟ್ರಿಷಿಯನ್ ಬಂದು, ಏಣಿ ಹತ್ತಿ, ಸುಟ್ಟ ವಾಸನೆ ನೋಡಿ, ಇಳಿದು ಕೈ ಒರೆಸಿಕೊಂಡ. ಈ ವೈರಿಗೆ ಒಂದು ಸಲಕ್ಕೆ ಒಂದೇ ಬಿಸಿ. ಎರಡು ಹಾಕಿದರೆ ಫ್ಯೂಸು ಹೋಗುತ್ತದೆ, ಹಟಕ್ಕೆ ಬಿದ್ದು ದಪ್ಪ ತಂತಿ ಕಟ್ಟಿದರೆ ಮನೆಯೇ ಹೋಗುತ್ತದೆ ಎಂದ. ವೈರು ಬದಲಿಸಲು ಗೋಡೆ ಒಡೆಯಬೇಕು, ಅದು ಮುಂದಿನ ವರ್ಷದ ಮಾತು.

ಬೇರೆ ಯಾರೇ ಆಗಿದ್ದರೂ ಗೋಡೆಗೊಂದು ಚೀಟಿ ಅಂಟಿಸಿ ಸುಮ್ಮನಾಗುತ್ತಿದ್ದರು. ಮಾಸ್ಟರು ಎರಡು ದಿನ ಊಟ ಸೇರದೆ ಯೋಚಿಸಿದರು. ಮೂರನೆಯ ಬೆಳಗ್ಗೆ ಅವರ ಮುಖದಲ್ಲಿ ನಿವೃತ್ತಿಯಾದಾಗಿನಿಂದ ಕಾಣದಿದ್ದ ಕಳೆ ಬಂದಿತ್ತು, ಅದನ್ನು ನೋಡಿಯೇ ಬನ್ನಕ್ಕನ ಎದೆ ಧಸಕ್ಕೆಂದಿತು.

ಒಂದೇ ಹಳಿಯ ಮೇಲೆ ಎರಡು ದಿಕ್ಕಿನ ರೈಲು ಓಡಿಸಬೇಕಾದ ಕಡೆ ಹಿಂದಿನವರು ಒಂದು ಉಪಾಯ ಮಾಡಿದ್ದರು. ಎರಡು ಸ್ಟೇಷನ್ನುಗಳ ನಡುವಿನ ಹಳಿಗೆ ಒಂದೇ ಟೋಕನ್. ದೊಡ್ಡ ಬಳೆಯೊಂದಕ್ಕೆ ಚೀಲ ಕಟ್ಟಿ, ಟೋಕನನ್ನು ಅದರೊಳಗಿಟ್ಟು ಡ್ರೈವರಿಗೆ ಕೊಡುವುದು. ಅದು ಕೈಯಲ್ಲಿದ್ದವನು ಹೊರಡಬಹುದು. ಇಲ್ಲದವನು, ರೈಲಿನಲ್ಲಿ ಮಂತ್ರಿಯೇ ಕೂತಿದ್ದರೂ, ನಿಂತಿರಬೇಕು. ಟೋಕನ್ ಒಂದೇ ಆದ್ದರಿಂದ ಎರಡು ರೈಲು ಎದುರುಬದುರಾಗುವ ಮಾತೇ ಇಲ್ಲ.

ಮಾಸ್ಟರು ಹೆಂಡತಿಯ ಕಸೂತಿಯ ದೊಡ್ಡ ಮರದ ಬಳೆಯನ್ನು, ಅದರಲ್ಲಿ ಅರ್ಧ ಮುಗಿದಿದ್ದ ಗಿಳಿಯನ್ನು ಬಿಚ್ಚಿಟ್ಟು, ತೆಗೆದುಕೊಂಡರು. ಹರಿದ ಕೈಚೀಲದ ತೊಗಲಿನಲ್ಲಿ ಪುಟ್ಟ ಚೀಲ ಹೊಲಿದು ಕಟ್ಟಿದರು. ಅದರೊಳಗೆ ಕೇರಂ ಸ್ಟ್ರೈಕರ್ ಹಾಕಿದರು. ಅಡುಗೆಮನೆಯ ಬಾಗಿಲ ಪಕ್ಕ ಮೊಳೆ ಹೊಡೆದು ಅದನ್ನು ತೂಗುಹಾಕಿ, ಗೆಸ್ಟುಗಳನ್ನು ಸಾಲಾಗಿ ನಿಲ್ಲಿಸಿ ಕಾನೂನು ಓದಿದರು. ಗ್ಯಾಸ್ ಒಲೆ ಮನೆಯವಳ ಸುಪರ್ದಿ, ಅದನ್ನು ಯಾರೂ ಮುಟ್ಟುವಂತಿಲ್ಲ. ಕರೆಂಟಿನಿಂದ ಬಿಸಿಯಾಗುವ ಯಾವುದರ ಸ್ವಿಚ್ ಒತ್ತುವ ಮುನ್ನವೂ ಬಳೆಯನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಕೆಲಸ ಮುಗಿಯುವ ತನಕ ಅದು ಮೈಮೇಲಿರಬೇಕು. ಮೇಜಿನ ಮೇಲಿಟ್ಟರೆ ಇಲ್ಲದಂತೆಯೇ. ಮೊಳೆ ಖಾಲಿ ಇದ್ದರೆ ಕೈ ಕಟ್ಟಿಕೊಂಡು ನಿಲ್ಲಬೇಕು. ಇದು ಮನೆಯವರಿಗೂ ಅನ್ವಯಿಸುತ್ತದೆ.

"ಒಂದು ಮೊಟ್ಟೆ ಬೇಯಿಸೋಕೂ ಬೇಕಾ ಸಾರ್?" ಎಂದು ನರ್ಸು ಕೇಳಿದಳು.

"ಮೊಟ್ಟೆ ತಾನಾಗಿ ಬೇಯುತ್ತೇನಮ್ಮ?"

"ಇಲ್ಲ ಸಾರ್."

"ಹಾಗಾದ್ರೆ ಬೇಕು."

ಮೂರು ತಿಂಗಳು ಹೀಗೇ ನಡೆಯಿತು. ಫ್ಯೂಸು ಒಮ್ಮೆಯೂ ಹೋಗಲಿಲ್ಲ. ಹೋದದ್ದು ಬನ್ನಕ್ಕನ ತಾಳ್ಮೆ. ಹಲ್ಲಿನವನು ಹೆಗಲಿಗೆ ಬಳೆ ಏರಿಸಿ ಕೆಟಲ್ಲಿನ ಮುಂದೆ ಸಿಳ್ಳೆ ಹಾಕುತ್ತ ನಿಂತರೆ ಅವಳು ಹಿಟ್ಟಿನ ಕೈ ಮೇಲೆತ್ತಿಕೊಂಡು ಬಾಗಿಲಲ್ಲಿ ಕಾಯಬೇಕು. ಒಂದು ದಿನ ಅವನು ಬಳೆ ಸಮೇತ ಬಚ್ಚಲಿಗೆ ಹೋಗಿ ಅರ್ಧ ಗಂಟೆ ಹಾಡಿದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದನ್ನೇ ಎಂದುಕೊಂಡಳು. ಆದರೆ ಬರಬರುತ್ತ ಮೊಳೆಯ ಮುಂದಿನ ನೂಕುನುಗ್ಗಲು ಕಡಿಮೆಯಾಯಿತು. ನರ್ಸು ಮೊಟ್ಟೆಯ ಆಸೆ ಬಿಟ್ಟಂತಿತ್ತು, ಬೆಳಗಿನ ಬ್ರೆಡ್ಡಿಗಷ್ಟೇ ಬರುತ್ತಿದ್ದಳು. ಹಲ್ಲಿನವನು ದಿನಕ್ಕೆ ಆರು ಟೀ ಕುಡಿಯುತ್ತಿದ್ದವನು ಒಂದಕ್ಕೆ ಇಳಿದಿದ್ದ. ಮಾಸ್ಟರು ಇದಕ್ಕೆ ಶಿಸ್ತು ಎಂದು ಹೆಸರಿಟ್ಟು, ಬಂದವರಿಗೆಲ್ಲ ಹೇಳಿ ಸಂತೋಷಪಟ್ಟರು.

ಈಗ ಶನಿವಾರ ಒಂದೂವರೆಗೆ ಮೊಳೆ ಖಾಲಿಯಾಗಿತ್ತು, ಅಡುಗೆಮನೆಯಲ್ಲಿ ನರಪಿಳ್ಳೆ ಇರಲಿಲ್ಲ.

ಹಿತ್ತಲು, ಬಚ್ಚಲು, ಫ್ರಿಜ್ಜಿನ ಹಿಂದುಗಡೆ, ಎಲ್ಲ ಹುಡುಕಿದ್ದಾಯಿತು. ಕೊನೆಗೆ ಬಳಸಿದವಳು ನರ್ಸು. ಬೆಳಗ್ಗೆ ಬ್ರೆಡ್ಡು ಸುಡುವಾಗ ಕಾನೂನಿನಂತೆ ಬಳೆಯನ್ನು ಹೆಗಲಿಗೇರಿಸಿದ್ದಳು. ಬಸ್ಸಿಗೆ ತಡವಾಯಿತೆಂದು ಅದರ ಮೇಲೇ ಕೋಟು ತೊಟ್ಟು ಓಡಿದ್ದಳು. ಹೋಗುವಾಗ ಹುಡುಗಿಯ ಬೆನ್ನು ಗೂನಾದಂತೆ ಕಂಡದ್ದು ಬನ್ನಕ್ಕನಿಗೆ ಈಗ ನೆನಪಾಯಿತು. ಪಾಪ, ನಿಂತು ನಿಂತು ಹೀಗಾಗಿದೆ ಎಂದು ಆಗ ಮರುಗಿದ್ದಳು.

"ಸರಿ, ಅವಳು ಆಸ್ಪತ್ರೇಲಿ, ಹಲ್ಲಿನವನು ಕೆಲಸದಲ್ಲಿ. ಮನೇಲಿರೋದು ನಾವಿಬ್ರೇ" ಎಂದಳು. "ನಾನು ಓವನ್ ಹಾಕ್ತೀನಿ."

"ಹಾಕೋ ಹಾಗಿಲ್ಲ."

"ಯಾಕ್ರೀ?"

"ಟೋಕನ್ ಇಲ್ಲ."

"ಯಾವುದೂ ಓಡ್ತಿಲ್ಲವಲ್ರೀ. ಕಣ್ಣಿಗೇ ಕಾಣ್ತಿದೆ."

"ಕಣ್ಣನ್ನ ನಂಬೋ ಹಾಗಿದ್ದಿದ್ರೆ ಟೋಕನ್ ಯಾಕೆ ಬೇಕಿತ್ತು?"

ಇದರ ಹಿಂದೆಯೇ ಹಳೆಯ ಕತೆ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಬಂತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಯಾರೋ ಮೇಲಿನವರು ಹಳಿ ಖಾಲಿ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಪಕ್ಕದ ಸ್ಟೇಷನ್ನಿನವರು ಒಂದು ಗೂಡ್ಸು ಬಿಟ್ಟಿದ್ದರು, ಎದುರಿನಿಂದ ಪ್ಯಾಸೆಂಜರು ಬಂದಿತ್ತು. ಎರಡೂ ಮುಖಾಮುಖಿ ನಿಂತವು. ಮದುವೆಯಾದ ಹೊಸತರಲ್ಲಿ ಈ ಕತೆ ಕೇಳಿದಾಗ ಎರಡು ಎಂಜಿನ್ನುಗಳ ನಡುವೆ ಅರ್ಧ ಮೈಲಿ ಅಂತರವಿತ್ತು. ವರ್ಷದಿಂದ ವರ್ಷಕ್ಕೆ ಅದು ಕಡಿಮೆಯಾಗುತ್ತ ಬಂದು, ಈ ಶನಿವಾರ ಒಂದು ಮೊಳಕ್ಕೆ ಇಳಿದಿತ್ತು.

ಟೋಕನ್ ಕಳೆದರೆ ಏನು ಮಾಡಬೇಕೆಂದು ನಿಯಮ ಇದ್ದೇ ಇದೆ ಎಂದು ಮಾಸ್ಟರು ಅವಳಿಗೆ ಧೈರ್ಯ ಹೇಳಿದರು. ಕೊನೆಗೆ ಅದನ್ನು ಹಿಡಿದಿದ್ದವರು, ಹಳಿ ಖಾಲಿ ಮಾಡಿಕೊಟ್ಟಿದ್ದೇನೆ ಎಂದು ಸ್ವಂತ ಬಾಯಲ್ಲಿ ಹೇಳಬೇಕು. ಅದನ್ನು ಬರೆದುಕೊಂಡು ಕಾಗದದ ಅನುಮತಿ ಕೊಡಬಹುದು. ಐದು ನಿಮಿಷದ ಕೆಲಸ. ಆಸ್ಪತ್ರೆಗೆ ಫೋನ್ ಹಚ್ಚಿದರು. ನರ್ಸು ಥಿಯೇಟರಿನ ಒಳಗಿದ್ದಳು. ಯಾರದೋ ಹೊಟ್ಟೆ ತೆರೆದಿತ್ತು, ಅದನ್ನು ಮುಚ್ಚುವ ತನಕ ಕರೆಯಲಾಗುವುದಿಲ್ಲ ಎಂದರು. ವಿಷಯವೇನೆಂದು ಕೇಳಿದರು. ಟೋಕನ್ನಿನ ವಿಷಯ ಎಂದು ಮಾಸ್ಟರು ಹೇಳಿದರು. ಟೋಕನ್ ಬೇಕಾದರೆ ಸೋಮವಾರ ಬೆಳಗ್ಗೆ ಎಂಟಕ್ಕೆ ಬಂದು ಸಾಲಿನಲ್ಲಿ ನಿಲ್ಲಿ ಎಂದು ಫೋನಿಟ್ಟರು. ಮಾಸ್ಟರು ಮತ್ತೆ ಮಾಡಿದರು. ಎರಡು ಗಂಟೆಯಾಯಿತು.

ಹಿಟ್ಟಿಗೆ ಕಾನೂನು ತಿಳಿಯದು. ಬನ್ನಕ್ಕ ಒದ್ದೆ ಬಟ್ಟೆ ಎತ್ತಿ ನೋಡಿದಳು. ದೂರ ದೂರ ಕೂರಿಸಿದ್ದ ಉಂಡೆಗಳು ಜಾತ್ರೆಬಸ್ಸಿನ ಸೀಟಿನಲ್ಲಿದ್ದವರಂತೆ ಒಬ್ಬರ ಹೆಗಲ ಮೇಲೊಬ್ಬರು ವಾಲಿದ್ದವು. ಬೆರಳಿಟ್ಟರೆ ಬಿದ್ದ ಕುಳಿ ಮುಚ್ಚುತ್ತಿರಲಿಲ್ಲ. ಇನ್ನರ್ಧ ಗಂಟೆ ಬಿಟ್ಟರೆ ಕುಸಿದು ಹುಳಿಯಾಗಿ, ಅಂಟಿಗೆ ಬಂದೀತು. ಟೀ ಅಂಗಡಿಯವನು ಎರಡನೆಯ ಸಲ ಕೇಳುವ ಆಸಾಮಿಯಲ್ಲ.

ಅವಳು ಬಟ್ಟೆ ಮುಚ್ಚಿ, ಫೋನ್ ಹಿಡಿದು ನಿಂತ ಗಂಡನ ಎದುರಿಗೆ ಬಂದಳು. ದನಿ ಏರಿಸಲಿಲ್ಲ.

"ಮೂವತ್ತಾರು ವರ್ಷ ನಿಮ್ಮ ರೈಲಿನ ಹೊತ್ತಿಗೆ ನಾನು ಒಲೆ ಹಚ್ಚಿದ್ದೀನಿ, ಆರಿಸಿದ್ದೀನಿ. ಇವತ್ತು ನನ್ನ ರೈಲು ಹೊರಡುತ್ತೆ. ಬೇಕಾದ್ರೆ ಹಳಿ ಮೇಲೆ ಮಲಕ್ಕೊಳ್ಳಿ."

ಹೋಗಿ ಓವನ್ನಿನ ಸ್ವಿಚ್ ಒತ್ತಿದಳು.

ಮಾಸ್ಟರು ಕೂಗಾಡಲಿಲ್ಲ, ಮೇನ್ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಕುರ್ಚಿ ತಂದು ಓವನ್ನಿನ ಎದುರು ಕೂತು, ಗಡಿಯಾರ ನೋಡಿ, ಚೀಟಿಯ ಮೇಲೆ ಬರೆದುಕೊಂಡರು: ಎರಡು ಗಂಟೆ ಎಂಟು ನಿಮಿಷ, ಅಧಿಕಾರವಿಲ್ಲದೆ ಹೊರಟಿದೆ. ಅವಳಿಗೆ ಕೂಗಾಡಿದ್ದರೇ ವಾಸಿಯಿತ್ತು ಅನ್ನಿಸಿತು.

ಓವನ್ ಕಾಯಿತು. ಇಪ್ಪತ್ತು ಬನ್ನಿನ ಮೊದಲ ಟ್ರೇ ಒಳಗೆ ಹೋಯಿತು. ಗಾಜಿನ ಆಚೆ ಅವುಗಳ ನೆತ್ತಿ ಹೊಂಬಣ್ಣಕ್ಕೆ ತಿರುಗುವುದಕ್ಕೂ, ಮನೆಯ ಮೂಲೆಯಲ್ಲಿ ಟಕ್ಕೆಂದು ಸದ್ದಾಗುವುದಕ್ಕೂ ಸರಿಹೋಯಿತು. ಓವನ್ನಿನ ದೀಪ ಆರಿತು. ಫ್ರಿಜ್ಜು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಬನ್ನಕ್ಕ ಗಂಡನ ಮುಖ ನೋಡಲಾರದೆ ನೋಡಿದಳು. ಅಲ್ಲಿ ಗೆದ್ದವನ ನಗೆ ಇರಬೇಕಿತ್ತು. ಇದ್ದದ್ದು ಲೆಕ್ಕ ತಪ್ಪಿದ ವಿದ್ಯಾರ್ಥಿಯ ಗಲಿಬಿಲಿ.

"ಒಂದೇ ಬಿಸಿ ಇತ್ತು" ಎಂದರು ಮಾಸ್ಟರು. "ಒಂದಕ್ಕೆ ಹೋಗೋದಿಲ್ಲ. ಹೋಗಬಾರದು."

ಮುಂದಿನ ಕೋಣೆಯಿಂದ ದನಿ ಬಂತು. "ಆಂಟೀ, ಕರೆಂಟ್ ಹೋಯ್ತಾ?"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ದಿನ ಮೊದಲ ಬಾರಿಗೆ ಒಟ್ಟಿಗೆ ಹೆಜ್ಜೆ ಹಾಕಿದರು.

ಹಲ್ಲಿನವನಿಗೆ ಅಂದು ಅರ್ಧ ದಿನ ರಜೆ. ಮುಂಬಾಗಿಲಿನಿಂದ ಬಂದು ಸದ್ದಿಲ್ಲದೆ ಕೋಣೆ ಸೇರಿದ್ದ. ಮೇಜಿನ ಮೇಲೆ ಮೂರು ಬಾಯಿಗಳ ಅಚ್ಚುಗಳು, ಗುಲಾಬಿ ಮೇಣದ ಹಾಳೆ, ಯಾರದೋ ಕೆಳದವಡೆ. ಅದರ ಪಕ್ಕ ಟವೆಲ್ ಮುಚ್ಚಿದ ಏನೋ ಒಂದು. ಟವೆಲ್ಲಿನ ತುದಿಯಿಂದ ಹಬೆ ಏಳುತ್ತಿತ್ತು. ಬನ್ನಕ್ಕ ಎಳೆದಳು. ಕೆಟಲ್ಲು. ಹೊಸದು, ಅವಳದಕ್ಕಿಂತ ಚೆನ್ನಾಗಿತ್ತು.

ಎಷ್ಟು ದಿನದಿಂದ ಎಂದು ಮಾಸ್ಟರು ಕೇಳಿದರು. ಎರಡೂವರೆ ತಿಂಗಳು ಎಂದು ಅವನು ನೆಲಕ್ಕೆ ಹೇಳಿದ. ಬಳೆಗಾಗಿ ಕಾದು ಕಾದು, ಬಿಸಿನೀರಿಲ್ಲದೆ ಮೇಣ ಗಟ್ಟಿಯಾಗುತ್ತಿತ್ತು, ಟೀ ತಪ್ಪುತ್ತಿತ್ತು. ಮುಳುಗುವವನು ಪಕ್ಕದವನ ಜುಟ್ಟು ಹಿಡಿಯುವಂತೆ, ನರ್ಸಿನ ಮಂಚದ ಕೆಳಗೂ ಒಂದು ಕರೆಂಟ್ ಒಲೆ ಇದೆ, ಮೊಟ್ಟೆಗೆ, ಎಂದೂ ಸೇರಿಸಿದ. ಇಷ್ಟು ದಿನ ಫ್ಯೂಸು ಹೇಗೆ ಉಳಿಯಿತು ಎಂಬುದಕ್ಕೂ ಉತ್ತರವಿತ್ತು. ಹಜಾರದಿಂದ ಇಣುಕಿದರೆ ಮೊಳೆ ಕಾಣುತ್ತದೆ. ಬಳೆ ಮೊಳೆಯಲ್ಲಿದ್ದರೆ ಅಡುಗೆಮನೆ ಖಾಲಿ. ಆಗ ಇಬ್ಬರಲ್ಲಿ ಒಬ್ಬರು ಕೋಣೆಯಲ್ಲಿ ಹಾಕಿಕೊಳ್ಳುವುದು. ಬಳೆ ಇಲ್ಲದಿದ್ದರೆ ತೆಪ್ಪಗಿರುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ಇವರು ಕಣ್ಣು ತೆರೆದೇ ಕುಡಿದಿದ್ದರು.

"ಇವತ್ತು ಮೊಳೇಲಿ ಬಳೆ ಇರಲಿಲ್ವಲ್ಲೋ" ಎಂದಳು ಬನ್ನಕ್ಕ. "ಮತ್ತೆ ಯಾಕೆ ಹಾಕ್ದೆ?"

ಅವನು ಮಾಸ್ಟರ ಕಡೆ ತಿರುಗಿದ. "ಬಳೆ ಆಸ್ಪತ್ರೆಗೆ ಬಂದ್ಬಿಟ್ಟಿದೆ ಅಂತ ನರ್ಸು ನನಗೆ ಫೋನ್ ಮಾಡಿದ್ರು ಸಾರ್. ನಿಮಗೆ ಹೇಳೋಕೆ ಅವರಿಗೆ ಹೆದರಿಕೆ. ಬಳೇನೇ ಮನೇಲಿಲ್ಲ ಅಂದ್ಮೇಲೆ, ಪ್ರಳಯ ಆದ್ರೂ ನೀವು ಓವನ್ ಹಾಕೋಕೆ ಬಿಡಲ್ಲ ಅಂತ ಧೈರ್ಯವಾಗಿ ಹಾಕ್ದೆ. ನಿಮ್ಮ ಮೇಲಿನ ನಂಬಿಕೆ ಸಾರ್."

ಮಾಸ್ಟರು ಅವನ ಮಂಚದ ಮೇಲೆ ಕೂತುಬಿಟ್ಟರು. ಎರಡೂವರೆ ತಿಂಗಳು ತಮ್ಮ ಹಳಿಯ ಮೇಲೆ ಕಳ್ಳರೈಲು ಓಡಿತ್ತು, ಅದೂ ತಮ್ಮದೇ ಸಿಗ್ನಲ್ ನೋಡಿಕೊಂಡು. ಬೇರೆ ದಿನವಾಗಿದ್ದರೆ ಬನ್ನಕ್ಕ ಅವರ ಪಕ್ಕ ಕೂತು ಬೆನ್ನು ಸವರುತ್ತಿದ್ದಳೋ ಏನೋ. ಎರಡೂ ಮುಕ್ಕಾಲು ಆಗಿತ್ತು.

"ಆಮೇಲೆ ದುಃಖಪಡಿ. ಫ್ಯೂಸು ಕಟ್ಟಿ" ಎಂದಳು.

ಅವರು ಏಣಿ ಹತ್ತಿ ಹೊಸ ತಂತಿ ಕಟ್ಟಿದರು. ಹಲ್ಲಿನವನು ಏಣಿ ಹಿಡಿದುಕೊಂಡ. ಕೆಳಗೆ ನಿಂತ ಬನ್ನಕ್ಕ ಬೋರ್ಡನ್ನು ಮೊದಲ ಸಲ ಸರಿಯಾಗಿ ನೋಡಿದಳು. ಮೇನ್ ಫ್ಯೂಸಿನ ಕೆಳಗೆ ಪಿಂಗಾಣಿಯ ಎರಡು ಬಿಳಿ ಫ್ಯೂಸುಗಳಿದ್ದವು. ಯಾವುದು ಯಾವುದರದು ಎಂದು ಕೇಳಿದಳು. ಎಡಗಡೆಯದು ಅಡುಗೆಮನೆಯ ಕಡೆಯದು, ಬಲಗಡೆಯದು ಗೆಸ್ಟುಗಳ ಕೋಣೆಯದು ಎಂದರು ಮಾಸ್ಟರು.

"ಬಲಗಡೇದು ಕಿತ್ತುಕೊಡಿ."

"ಅವರ ಲೈಟು, ಫ್ಯಾನೂ ಹೋಗುತ್ತೆ."

"ಬಿಸಿಲಿದೆ, ಕಿಟಕಿ ಇದೆ. ಕಿತ್ತುಕೊಡಿ."

ಗೋಡೆಗೆ ಚೀಟಿ ಇಲ್ಲ, ಭಾಷಣವಿಲ್ಲ. ಅವಳು ಆ ಪಿಂಗಾಣಿ ತುಣುಕನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹಲ್ಲಿನವನು ತನ್ನ ಮೇಣದ ಗತಿಯೇನು, ಒಬ್ಬ ಅಜ್ಜನಿಗೆ ಇವತ್ತೇ ಹಲ್ಲು ಬೇಕಂತೆ ಎಂದು ಗೊಣಗಿದ. ಅಜ್ಜ ಇಷ್ಟು ದಿನ ಬೊಚ್ಚುಬಾಯಲ್ಲಿ ಇದ್ದವರು ಇನ್ನೊಂದು ದಿನ ಇರಲಿ, ನೀನು ಕೈ ತೊಳೆದು ಬಾ ಎಂದಳು ಬನ್ನಕ್ಕ.

ಮೊದಲ ಟ್ರೇ ಕೆಟ್ಟಿತ್ತು. ಮೇಲೆ ಸಿಪ್ಪೆ, ಒಳಗೆ ಗೋಂದು. ಉಳಿದ ನಲವತ್ತು ಉಂಡೆಗಳನ್ನು ಅವಳು ಗಾಳಿ ಬಿಡಿಸಿ ಮತ್ತೆ ಕಟ್ಟಿದಳು. ಹಲ್ಲಿನವನನ್ನೂ ಕೂರಿಸಿಕೊಂಡಳು. ದವಡೆ ತಿದ್ದಿದ ಬೆರಳುಗಳು, ಅವನ ಉಂಡೆಗಳು ಅವಳವಕ್ಕಿಂತ ದುಂಡಗೆ ಬಂದವು. ಅದನ್ನು ಅವಳು ಹೇಳಲಿಲ್ಲ. ಎರಡು ಟ್ರೇ ಬೆಂದು ಹೊರಬಂದಾಗ ನಾಲ್ಕು ದಾಟಿತ್ತು. ಟ್ರೇ ಹೊತ್ತವನು ಹಲ್ಲಿನವನು. ಮಾಸ್ಟರು ಯಾರೂ ಕೇಳದಿದ್ದರೂ ಮುಂದೆ ಮುಂದೆ ನಡೆದು ಸೈಕಲ್ಲುಗಳನ್ನು ಕೈ ಎತ್ತಿ ನಿಲ್ಲಿಸಿದರು. ಬನ್ನಕ್ಕ ಹಿಂದೆ ನಡೆಯುತ್ತ, ಹೇಳಬೇಕಾದ ಸಬೂಬುಗಳನ್ನು ಜೋಡಿಸುತ್ತ, ಯಾವುದೂ ನಂಬುವಂತಿಲ್ಲವೆಂದು ಒಂದೊಂದನ್ನೇ ಕೈಬಿಟ್ಟಳು. ಬಳೆ, ಆಸ್ಪತ್ರೆ, ಯಾರದೋ ಹೊಟ್ಟೆ, ಯಾರದೋ ಹಲ್ಲು: ಸತ್ಯವಂತೂ ಹೇಳುವಂತೆಯೇ ಇರಲಿಲ್ಲ.

ಟೀ ಅಂಗಡಿಯವನು ಗಡಿಯಾರ ನೋಡಿದ. ನಾಲ್ಕು ನಲವತ್ತು. ಟ್ರೇ ನೋಡಿದ. ಬನ್ನುಗಳನ್ನು ಒಂದೊಂದಾಗಿ ಗಾಜಿನ ಪೆಟ್ಟಿಗೆಗೆ ಜೋಡಿಸತೊಡಗಿದ. ಬನ್ನಕ್ಕ ಬೆಂಚಿನ ತುದಿಯಲ್ಲಿ ಕೂತಳು. ಐದಕ್ಕೆ ಎರಡು ಹೋದವು. ಐದೂಕಾಲಿಗೆ ಕಾರ್ಖಾನೆಯ ಹೆಂಗಸರು ಬಂದು ಹದಿನಾಲ್ಕು ಕಟ್ಟಿಸಿಕೊಂಡರು. ಐದೂವರೆಯ ಬಸ್ಸಿನವರು ಇಳಿದು, ಕುಡಿದು, ಅದ್ದಿ, ತಿಂದು ಹತ್ತಿದಾಗ ಪೆಟ್ಟಿಗೆಯಲ್ಲಿ ಉಳಿದಿದ್ದು ಮೂರು. ಒಂದನ್ನು ಅವನೇ ಬಾಯಿಗೆ ಹಾಕಿಕೊಂಡ.

"ಅರವತ್ತು ಅಂದಿದ್ದೆ, ನಲವತ್ತು ತಂದ್ರಿ ಅಕ್ಕಾ. ನಾಲ್ಕು ಅಂದಿದ್ದೆ, ಐದರ ಹತ್ರ ಬಂದ್ರಿ."

ಅವಳು ತಲೆಯಾಡಿಸಿದಳು.

"ಸೋಮವಾರದಿಂದ ದಿನಾ ನಲವತ್ತೇ ಇರಲಿ. ಒಂದು ದಿನ ತಡ ಆದ್ರೂ ಬೇರೆಯವರ ಹತ್ರ ತಗೋತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ."

ಆರಕ್ಕೆ ನರ್ಸು ಬಳೆ ಹಿಡಿದು, ಅಳು ಮುಖ ಹೊತ್ತು ಬಂದಳು. ಕೇಳುವ ಮೊದಲೇ ಮಂಚದ ಕೆಳಗಿನ ಒಲೆಯನ್ನು ತಂದು ಒಪ್ಪಿಸಿದಳು. ಬನ್ನಕ್ಕ ಇಬ್ಬರನ್ನೂ ಊಟದ ಮೇಜಿನ ಮುಂದೆ ಕೂರಿಸಿ, ಅರ್ಧ ಬೆಂದ ಇಪ್ಪತ್ತನ್ನು ಹೋಳು ಮಾಡಿ ಕಾವಲಿಯಲ್ಲಿ ಕಾಯಿಸಿ ಬಡಿಸಿದಳು. ಇನ್ನು ಮುಂದೆ ದಿನಾ ಒಂದೂವರೆಯಿಂದ ಮೂರೂವರೆಯ ತನಕ ಅವರ ಕೋಣೆಗಳ ಫ್ಯೂಸು ತನ್ನ ಜೇಬಿನಲ್ಲಿರುತ್ತದೆ, ಉಳಿದ ಹೊತ್ತು ಬಳೆಯನ್ನಾದರೂ ಕಟ್ಟಿಕೊಳ್ಳಿ, ಗಂಟೆಯನ್ನಾದರೂ ಕಟ್ಟಿಕೊಳ್ಳಿ, ತನಗೆ ಸಂಬಂಧವಿಲ್ಲ ಎಂದಳು. ಇಬ್ಬರೂ ತಲೆ ತಗ್ಗಿಸಿ ತಿಂದರು. ಮಾಸ್ಟರೂ ತಿಂದರು. ಭಾನುವಾರ ಅವರು ಹೆಚ್ಚು ಮಾತಾಡಲಿಲ್ಲ. ಮಧ್ಯಾಹ್ನ ಒಂದು ಸಲ ಮಾತ್ರ, ಟೋಕನ್ ನಡೆಯುವುದು ಹಿಡಿದವನ ನಿಯತ್ತಿನ ಮೇಲೆ, ಫ್ಯೂಸು ಯಾರ ನಿಯತ್ತನ್ನೂ ಕೇಳುವುದಿಲ್ಲ ಎಂದರು. ಬೇರೆ ಗಂಡಂದಿರು ಹೆಂಡತಿಯ ಹೊಸ ಸೀರೆಯನ್ನು ಹೊಗಳುವ ದನಿ ಅದು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಸೋಮವಾರ ಒಂದೂವರೆಗೆ ಅವಳು ಏಣಿ ಹತ್ತಿ ಫ್ಯೂಸು ಕಿತ್ತು ಜೇಬಿಗಿಳಿಸಿ, ಓವನ್ ಕಾಯಲು ಹಾಕಿ, ಎರಡೂ ಕೈಗೆ ಬೆಣ್ಣೆ ಸವರಿಕೊಂಡು ಮೊದಲ ಟ್ರೇ ಎತ್ತಿಕೊಳ್ಳುವ ಹೊತ್ತಿಗೆ ಮಾಸ್ಟರು ಅಡ್ಡ ಬಂದರು. ಕೈಯಲ್ಲಿ ಹೊಸ ನೋಟ್‌ಬುಕ್ಕು, ಕೆಂಪು ಶಾಯಿಯಲ್ಲಿ ಗೆರೆ ಎಳೆದದ್ದು: ತಾರೀಖು, ತೆಗೆದ ವೇಳೆ, ಹಾಕಿದ ವೇಳೆ, ಕಾರಣ, ಸಹಿ. ಪೆನ್ನಿನ ಮುಚ್ಚಳ ತೆರೆದೇ ಇತ್ತು.

"ಇಲ್ಲೊಂದು ಸಹಿ ಹಾಕಿಬಿಡು. ನಾಳೆ ಯಾರಾದ್ರೂ ಕೇಳಿದ್ರೆ ದಾಖಲೆ ಇರಬೇಕು."

ಯಾರು ಕೇಳುತ್ತಾರೆ ಎಂದು ಕೇಳಲು ಬನ್ನಕ್ಕ ಬಾಯಿ ತೆರೆದು, ಗಡಿಯಾರ ನೋಡಿ, ಮುಚ್ಚಿದಳು. ಪೆನ್ನು ಮುಟ್ಟಲಿಲ್ಲ. ಎಡಗೈಯ ಹೆಬ್ಬೆರಳನ್ನು ಸಹಿಯ ಜಾಗದಲ್ಲಿ ಬಲವಾಗಿ ಒತ್ತಿದಳು. ಬೆಣ್ಣೆ ಮೂರು ಹಾಳೆ ದಾಟಿ ಇಳಿಯಿತು. ಮಾಸ್ಟರು ಆ ಗುರುತನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಅದರ ಪಕ್ಕದಲ್ಲಿ ‘ಎಡಗೈ ಹೆಬ್ಬೆಟ್ಟು, ನನ್ನ ಸಮಕ್ಷಮ ಒತ್ತಿದ್ದು’ ಎಂದು ಬರೆಯತೊಡಗಿದರು, ಬಾಗಿಲಲ್ಲೇ ನಿಂತು.

"ಆಯ್ತಲ್ಲ" ಎಂದಳು ಬನ್ನಕ್ಕ. "ಈಗ ದಾರಿ ಬಿಡ್ರೀ. ಓವನ್ ಕಾದಿದೆ."